ಕೂಸಿನ ಭಾರ, ಸೊಂಟದ ಲೆಕ್ಕ

ಒಂದು ಮಾತು ಕೇಳುತ್ತೇವೆ. ಯೋಚಿಸಿ ಹೇಳಿ. ಇವತ್ತು ಬೆಳಿಗ್ಗೆಯಿಂದ ನೀವು ಏನೇನು ಭಾರ ಎತ್ತಿದಿರಿ?

ನೀರಿನ ಕೊಡ ಎತ್ತಿದೆ ಅನ್ನುತ್ತೀರಿ. ಸೌದೆ ಹೊರೆ ಹೊತ್ತೆ ಅನ್ನುತ್ತೀರಿ. ಹುಲ್ಲಿನ ಹೊರೆ ತಂದೆ ಅನ್ನುತ್ತೀರಿ. ಆದರೆ ಕೂಸನ್ನು ಎತ್ತಿದೆ ಅಂತ ಯಾರೂ ಹೇಳುವುದಿಲ್ಲ. ನಾವೂ ಹೇಳುತ್ತಿರಲಿಲ್ಲ. "ಮಗ ಎತ್ಕಳದು ಒಂದ್ ಕೆಲ್ಸವಾ?" ಅಂತ ನಗುತ್ತಿದ್ದೆವು.

ಈಗ ನಾವು ನಗುವುದಿಲ್ಲ. ಯಾಕೆ ಅನ್ನುವುದನ್ನು ಈ ಪಾಠದಲ್ಲಿ ಹೇಳುತ್ತೇವೆ.

ಆಯಮ್ಮನ ಸೊಂಟ

ನಾವು ಮೈಸೂರು ಸೀಮೆಯ ಒಂದು ಹಳ್ಳಿಯ ಹೆಂಗಸರು. ಸಂಜೆ ಹೊತ್ತು ಒಂದು ಕಡೆ ಕೂತು ಓದುತ್ತೇವೆ, ಬರೆಯುತ್ತೇವೆ. ನಮ್ಮ ಗುಂಪಿನಲ್ಲಿ ತಾಯಂದಿರು ಇದ್ದಾರೆ. ಮೊಮ್ಮಕ್ಕಳನ್ನು ಸಾಕುವ ಅಜ್ಜಿಯರು ಇದ್ದಾರೆ. ಅಂಗನವಾಡಿ ಟೀಚರಮ್ಮ ಇದ್ದಾರೆ. ಅಂಗನವಾಡಿ ಸಹಾಯಕಿಯೂ ಇದ್ದಾರೆ. ಸಹಾಯಕಿಯನ್ನು ಊರೆಲ್ಲ ಆಯಮ್ಮ ಅಂತ ಕರೆಯುತ್ತದೆ.

ಆಯಮ್ಮನ ಕೆಲಸ ಬೆಳಿಗ್ಗೆಯೇ ಶುರು. ಬಾಗಿಲು ತೆಗೆಯಬೇಕು. ಕಸ ಗುಡಿಸಬೇಕು. ನೀರು ತರಬೇಕು. ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆದು ತರಬೇಕು. ನಡೆಯಲು ಹಟ ಮಾಡುವ ಮಗು ಸೊಂಟ ಏರುತ್ತದೆ. ಆಮೇಲೆ ಅಡುಗೆ. ಮಕ್ಕಳಿಗೆ ಊಟ. ಕೈ ತೊಳೆಸುವುದು, ತಿಕ ತೊಳೆಸುವುದು, ಮಲಗಿಸುವುದು, ಎಬ್ಬಿಸುವುದು. ದಿನವೆಲ್ಲ ಬಗ್ಗುವುದು, ಏಳುವುದು.

ಒಂದು ದಿನ ಜೋರು ಮಳೆ. ಅಂಗನವಾಡಿ ಮುಂದೆ ಕೆಸರು. ಬಾಗಿಲ ಮುಂದಿನ ಮೆಟ್ಟಿಲು ಎತ್ತರ. ಮಕ್ಕಳು ಹತ್ತಲಾರರು. ಆಯಮ್ಮ ಒಂದೊಂದೇ ಮಗುವನ್ನು ಎತ್ತಿ ಒಳಗೆ ಬಿಡುತ್ತಿದ್ದರು. ಆರು ಮಕ್ಕಳಾದವು. ಏಳನೆಯ ಮಗುವನ್ನು ಎತ್ತಲು ಬಗ್ಗಿದರು. ಸೊಂಟದಲ್ಲಿ ಚುಳ್ ಎಂದಿತು. ನೆಟ್ಟಗೆ ನಿಲ್ಲಲು ಆಗಲಿಲ್ಲ. ಮಗುವನ್ನು ಮಾತ್ರ ಬಿಡಲಿಲ್ಲ. ಎದೆಗೆ ಒತ್ತಿಕೊಂಡು ಕೆಸರಿನಲ್ಲೇ ಕೂತುಬಿಟ್ಟರು.

ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು.

"ವಯಸ್ಸಾಯ್ತಲ್ಲ, ಇನ್ನೇನು?"

"ಕಾಲು ಮುಂದಾಗಿ ಹುಟ್ಟಿದೋರ ಕೈಲಿ ಒದೆಸ್ಕೊ, ಸರಿಹೋಯ್ತದೆ."

"ಮಕ್ಕಳ ಜೊತೆ ಆಡ್ಕಂಡ್ ಕೂರೋ ಕೆಲ್ಸ. ಅದ್ಕೂ ಸೊಂಟ ನೋವಾ?"

ಈ ಕೊನೆಯ ಮಾತು ಆಯಮ್ಮನಿಗೆ ನಾಟಿತು. ನಾವು ನೋಡಲು ಹೋದಾಗ ಕಣ್ಣೀರು ಹಾಕಿದರು. "ಎರಡು ವರ್ಷದಿಂದ ನೋವದೆ ಕಣವ್ವ. ಹೇಳಿದ್ರೆ ಕೆಲ್ಸದಿಂದ ತೆಗೆದ್ಬುಟ್ಟಾರು ಅಂತ ಬಾಯ್ ಮುಚ್ಕಂಡಿದ್ದೆ" ಎಂದರು.

ನಮಗೆ ನಾಚಿಕೆಯಾಯಿತು. ನಮ್ಮ ಮಕ್ಕಳನ್ನು ಎತ್ತಿ ಎತ್ತಿ ಅವರ ಸೊಂಟ ಹೋಗಿತ್ತು. ನಾವು ಒಂದು ದಿನವೂ ಕೇಳಿರಲಿಲ್ಲ.

ಹಲಗೆಯ ಮೇಲೆ ಲೆಕ್ಕ

ಆ ವಾರ ಟೀಚರಮ್ಮ ಕರಿಹಲಗೆಯ ಮೇಲೆ ಒಂದು ಲೆಕ್ಕ ಹಾಕಿದರು. ನಾವು ಗುಣಾಕಾರ ಕಲಿತದ್ದು ಆಗ ತಾನೆ. ನೀವೂ ನಮ್ಮ ಜೊತೆ ಮಾಡಿ.

ಚೆನ್ನಾಗಿ ಬೆಳೆಯುವ ಕೂಸು ಹುಟ್ಟಿದಾಗ ಸುಮಾರು 3 ಕಿಲೋ ಇರುತ್ತದೆ. ಒಂದು ವರ್ಷಕ್ಕೆ ಸುಮಾರು 9 ಕಿಲೋ. ಎರಡು ವರ್ಷಕ್ಕೆ ಸುಮಾರು 12 ಕಿಲೋ. ಮೂರು ವರ್ಷಕ್ಕೆ ಸುಮಾರು 14 ಕಿಲೋ.

ನಮ್ಮ ಅಂಗನವಾಡಿಯಲ್ಲಿ ಎತ್ತಿಕೊಳ್ಳಬೇಕಾದ ಪುಟ್ಟ ಮಕ್ಕಳು 10. ತೂಕದ ಪುಸ್ತಕ ನೋಡಿದೆವು. ಒಬ್ಬೊಬ್ಬರು ಸುಮಾರು 12 ಕಿಲೋ. ಆಯಮ್ಮ ಒಂದು ಮಗುವನ್ನು ದಿನಕ್ಕೆ ಸುಮಾರು 5 ಸಲ ಎತ್ತುತ್ತಿದ್ದರು.

10 ಮಕ್ಕಳು, 5 ಸಲ. ಒಟ್ಟು 50 ಸಲ.
50 ಸಲ, 12 ಕಿಲೋ. ಒಟ್ಟು 600 ಕಿಲೋ.

ಒಂದು ಅಕ್ಕಿ ಮೂಟೆ 50 ಕಿಲೋ. 600 ಕಿಲೋ ಅಂದರೆ 12 ಮೂಟೆ. ದಿನಕ್ಕೆ ಹನ್ನೆರಡು ಮೂಟೆ! ತಿಂಗಳಿಗೆ 25 ದಿನ ಕೆಲಸ ಅಂದರೆ 300 ಮೂಟೆ. ಅಂದರೆ 15,000 ಕಿಲೋ. ಒಂದು ಲಾರಿ ಲೋಡು.

ಎಲ್ಲರೂ ಸುಮ್ಮನಾದೆವು. ಮೂಟೆ ಹೊರುವ ಹಮಾಲಿಯನ್ನು ಕಂಡರೆ "ಪಾಪ, ಎಷ್ಟು ಕಷ್ಟ" ಅನ್ನುತ್ತೇವೆ. ಆಯಮ್ಮನಿಗೆ ಯಾರೂ ಹಾಗೆ ಅನ್ನಲಿಲ್ಲ.

ಆಮೇಲೆ ಒಬ್ಬ ತಾಯಿ ಮನೆಯ ಲೆಕ್ಕ ಹಾಕಿದಳು. ಅವಳ ಮಗುವಿಗೆ ಒಂದು ವರ್ಷ. 9 ಕಿಲೋ. ದಿನಕ್ಕೆ 30 ಸಲ ಎತ್ತುತ್ತಾಳೆ. 270 ಕಿಲೋ ಆಯಿತು. ಇದರ ಮೇಲೆ ನೀರು. ಒಂದು ಲೀಟರ್ ನೀರು ಒಂದು ಕಿಲೋ. 15 ಲೀಟರ್ ಹಿಡಿಯುವ ಕೊಡದಲ್ಲಿ 15 ಕಿಲೋ ನೀರು. ದಿನಕ್ಕೆ 10 ಕೊಡ ತಂದರೆ 150 ಕಿಲೋ.

"ಅದ್ಕೇ ಕಣಕ್ಕ ರಾತ್ರಿ ಮಗ್ಗುಲು ಬದಲಾಯಿಸಕ್ಕೂ ಆಗಲ್ಲ" ಎಂದಳು ಅವಳು.

ಸೊಂಟ ಯಾಕೆ ನೋಯುತ್ತದೆ?

ಬೆನ್ನಿನಲ್ಲಿ ಇರುವುದು ಒಂದೇ ಉದ್ದನೆಯ ಮೂಳೆಯಲ್ಲ. ಸಣ್ಣ ಸಣ್ಣ ಮೂಳೆಗಳು ಒಂದರ ಮೇಲೊಂದು ಕೂತಿವೆ. ಸೊಂಟದ ಭಾಗದಲ್ಲಿ ಅಂಥ 5 ಮೂಳೆಗಳಿವೆ. ಮೈಯ ಭಾರವೆಲ್ಲ ಅವುಗಳ ಮೇಲೆ ಬೀಳುತ್ತದೆ.

ಕೊಡ ಹೊರುವಾಗ ತಲೆಯ ಮೇಲೆ ಸಿಂಬೆ ಇಡುತ್ತೇವೆ. ಹಾಗೆಯೇ ಎರಡು ಮೂಳೆಗಳ ನಡುವೆ ಒಂದು ಮೆತ್ತನೆಯ ಸಿಂಬೆ ಇದೆ. ಅದಕ್ಕೆ ಡಾಕ್ಟರು ಡಿಸ್ಕ್ ಅನ್ನುತ್ತಾರೆ. ಭಾರ ಸಮನಾಗಿ ಬಿದ್ದರೆ ಸಿಂಬೆ ತಡೆಯುತ್ತದೆ. ಒಂದೇ ಕಡೆ ಮತ್ತೆ ಮತ್ತೆ ಅದುಮಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಪಕ್ಕದ ನರಕ್ಕೆ ತಾಗಿದರೆ ನೋವು ಕಾಲಿಗೂ ಇಳಿಯುತ್ತದೆ. ಬೆನ್ನಿನ ಸುತ್ತ ಮಾಂಸಖಂಡಗಳೂ ಇವೆ. ಅವೂ ದಣಿಯುತ್ತವೆ, ಉಳುಕುತ್ತವೆ. ಹೆಚ್ಚಿನ ಸೊಂಟ ನೋವು ಈ ದಣಿವು, ಉಳುಕಿನಿಂದಲೇ ಬರುವುದು.

ಒಂದು ಪರೀಕ್ಷೆ ಮಾಡಿ ನೋಡಿ. ಚೊಂಬಿನ ತುಂಬ ನೀರು ತುಂಬಿ. ಎದೆಗೆ ಒತ್ತಿ ಹಿಡಿದುಕೊಳ್ಳಿ. ಸುಲಭವಾಗಿದೆ, ಅಲ್ಲವೇ? ಈಗ ಅದೇ ಚೊಂಬನ್ನು ಕೈ ನೀಡಿ ಮುಂದೆ ಹಿಡಿಯಿರಿ. ನೂರು ಎಣಿಸಿ. ಎಣಿಸುವ ಮೊದಲೇ ಕೈ ನಡುಗುತ್ತದೆ. ನೀರು ಹೆಚ್ಚಾಗಲಿಲ್ಲ. ದೂರ ಹೆಚ್ಚಾಯಿತು.

ಕೂಸೂ ಹಾಗೆಯೇ. ಮೈಗೆ ಅಂಟಿಕೊಂಡ ಕೂಸು ಹಗುರ. ಕೈ ಚಾಚಿ ಎತ್ತಿದ ಕೂಸು ಸೊಂಟಕ್ಕೆ ಹಲವು ಪಟ್ಟು ಭಾರ.

ಇನ್ನೊಂದು ಮಾತು. ಮೈಯ ಅರ್ಧಕ್ಕಿಂತ ಹೆಚ್ಚು ಭಾರ ಸೊಂಟದ ಮೇಲಿದೆ. ಬರಿಗೈಯಲ್ಲಿ ಬಗ್ಗಿದರೂ ಆ ಭಾರವನ್ನು ಸೊಂಟವೇ ಹಿಡಿಯಬೇಕು. ಮೋಟು ಪೊರಕೆಯಲ್ಲಿ ಅರ್ಧ ಗಂಟೆ ಬಗ್ಗಿ ಗುಡಿಸಿದರೂ ಸೊಂಟ ಸೋಲುತ್ತದೆ.

ಎತ್ತುವ ಬಗೆ

ನೆಲದ ಮೇಲಿರುವ ಮಗುವನ್ನು ಹೀಗೆ ಎತ್ತಿ.

1. ಮಗುವಿನ ಹತ್ತಿರಕ್ಕೆ ಹೋಗಿ. ದೂರದಿಂದ ಬಗ್ಗಬೇಡಿ.
2. ಸೀರೆಯ ನೆರಿಗೆ ಕಾಲಿಗೆ ಸಿಕ್ಕದಂತೆ ಮೇಲಕ್ಕೆ ಸಿಕ್ಕಿಸಿ.
3. ಒಂದು ಕಾಲು ಮುಂದಿಡಿ. ಇನ್ನೊಂದು ಮಂಡಿಯನ್ನು ನೆಲಕ್ಕೆ ಊರಿ.
4. ಮಗುವನ್ನು ಎರಡು ಕೈಯಲ್ಲೂ ಹಿಡಿದು ಎದೆಗೆ ಒತ್ತಿಕೊಳ್ಳಿ.
5. ಮುಂದೆ ನೋಡುತ್ತಾ ಕಾಲಿನ ಬಲದಿಂದ ಏಳಿ. ಬೆನ್ನಿನ ಬಲದಿಂದ ಅಲ್ಲ.
6. ಪಕ್ಕಕ್ಕೆ ತಿರುಗಬೇಕೇ? ಪಾದ ತಿರುಗಿಸಿ. ಭಾರ ಹಿಡಿದು ಸೊಂಟ ತಿರುಚಬೇಡಿ.

ಇಳಿಸುವಾಗಲೂ ಹೀಗೆಯೇ. ಮಂಡಿ ನೋವು ಇರುವವರು ಗೋಡೆಯನ್ನೋ ಕಿಟಕಿಯ ಸರಳನ್ನೋ ಹಿಡಿದು ಏಳಿ. ಇಲ್ಲವೇ ಜಗಲಿಯ ಮೇಲೆ ಕೂತುಕೊಳ್ಳಿ. ಮಗುವೇ ತೊಡೆ ಹತ್ತಲಿ.

ಮಗು ಅಳುತ್ತಿದೆ ಅಂತ ಎತ್ತಿಕೊಂಡೇ ತಿರುಗಬೇಕಾಗಿಲ್ಲ. ಕೂತು ಅಪ್ಪಿಕೊಂಡರೂ ಅಳು ನಿಲ್ಲುತ್ತದೆ. ಅದಕ್ಕೆ ಬೇಕಾದದ್ದು ನಿಮ್ಮ ಮೈಯ ಬಿಸುಪು, ಎತ್ತರ ಅಲ್ಲ.

ಹೊರುವುದು, ಎರೆಯುವುದು, ಹಾಲೂಡುವುದು

ನಾವು ಕೂಸನ್ನು ಒಂದೇ ಸೊಂಟದ ಮೇಲೆ ಕೂರಿಸುತ್ತೇವೆ. ಎಡ ಸೊಂಟದ ಮೇಲೆ ಕೂಸು, ಬಲಗೈಯಲ್ಲಿ ಕೆಲಸ. ಆಗ ಸೊಂಟ ಒಂದು ಕಡೆಗೆ ವಾಲುತ್ತದೆ. ಬೆನ್ನು ಸೊಟ್ಟಗಾಗಿ ನಿಲ್ಲುತ್ತದೆ. ಅದಕ್ಕೆ ಆಗಾಗ ಕಡೆ ಬದಲಾಯಿಸಿ. ಒಂದು ಸೊಂಟದಲ್ಲಿ ಕೂಸು, ಇನ್ನೊಂದರಲ್ಲಿ ಕೊಡ ಇಟ್ಟು ನಡೆಯಬೇಡಿ. ದೂರ ಹೋಗಬೇಕಾದರೆ ಕತ್ತು ನಿಂತ ಮಗುವನ್ನು ಗಟ್ಟಿ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಳ್ಳಬಹುದು. ಭಾರ ಎರಡು ಹೆಗಲಿಗೂ ಹಂಚಿಹೋಗುತ್ತದೆ. ಮಗುವಿನ ಮುಖ, ಮೂಗು ಮಾತ್ರ ಮುಚ್ಚಬಾರದು.

ನಮ್ಮಲ್ಲಿ ಕೂಸಿಗೆ ಎರೆಯುವವರು ಅಜ್ಜಿಯರು. ಮಣೆಯ ಮೇಲೆ ಕೂತು, ಕಾಲು ನೀಡಿ, ಕಾಲ ಮೇಲೆ ಕೂಸನ್ನು ಮಲಗಿಸುತ್ತಾರೆ. ಬಿಸಿನೀರಿನ ಹಂಡೆ ದೂರ ಇದ್ದರೆ ಪ್ರತಿ ಚೊಂಬಿಗೂ ಮೈ ತಿರುಚಬೇಕು. ಆದ್ದರಿಂದ ನೀರು, ಬಟ್ಟೆ, ಸೋಪು ಎಲ್ಲವೂ ಕೈಗೆ ಸಿಗುವಷ್ಟು ಹತ್ತಿರ ಇರಲಿ. ಮಣೆ ಸ್ವಲ್ಪ ಎತ್ತರದ್ದಾಗಲಿ. ಎರೆದಾದ ಮೇಲೆ ಅಜ್ಜಿಯೇ ಕೂಸು ಹಿಡಿದು ಏಳಬಾರದು. ಇನ್ನೊಬ್ಬರು ಬಂದು ಕೂಸನ್ನು ಎತ್ತಿಕೊಳ್ಳಲಿ.

ಹಾಲೂಡುವಾಗ ಗೋಡೆಗೆ ಒರಗಿ ಕೂತುಕೊಳ್ಳಿ. ತೊಡೆಯ ಮೇಲೆ ದಿಂಬು ಅಥವಾ ಮಡಿಸಿದ ಕಂಬಳಿ ಇಡಿ. ಕೂಸನ್ನು ಎದೆಯ ಹತ್ತಿರಕ್ಕೆ ತನ್ನಿ. ಎದೆಯನ್ನು ಕೂಸಿನ ಹತ್ತಿರಕ್ಕೆ ಬಗ್ಗಿಸಬೇಡಿ. ಕತ್ತು, ಹೆಗಲು ನೋಯುವುದು ತಪ್ಪುತ್ತದೆ.

ಏಳೆಂಟು ವರ್ಷದ ಹೆಣ್ಣುಮಕ್ಕಳ ಸೊಂಟದ ಮೇಲೆ ತಮ್ಮನನ್ನೋ ತಂಗಿಯನ್ನೋ ಕೂರಿಸಿ ನಾವು ಹೊಲಕ್ಕೆ ಹೋಗುವುದುಂಟು. ಆ ಹುಡುಗಿಯೇ 20 ಕಿಲೋ ಇರುತ್ತಾಳೆ. 9 ಕಿಲೋ ಕೂಸು ಅವಳಿಗೆ ಅರ್ಧ ಮೈ ಭಾರ. ಅವಳ ಮೂಳೆ ಇನ್ನೂ ಎಳೆಯದು. ಶಾಲೆಯೂ ತಪ್ಪುತ್ತದೆ. ಇದು ಬೇಡ ಅಂತ ನಾವು ತೀರ್ಮಾನ ಮಾಡಿದ್ದೇವೆ.

ಹಾಗಾದರೆ ಕೂಸನ್ನು ಯಾರು ಎತ್ತಿಕೊಳ್ಳಬೇಕು? ಅಪ್ಪ ಎತ್ತಿಕೊಳ್ಳಲಿ. ಗಂಡಸರ ಸೊಂಟದ ಮೇಲೂ ಕೂಸು ಕೂರುತ್ತದೆ. ಮೊದಮೊದಲು ನಮ್ಮೂರಿನಲ್ಲಿ ನಕ್ಕರು. ಈಗ ಸಂಜೆ ಹೊತ್ತು ಮೂರು ನಾಲ್ಕು ಅಪ್ಪಂದಿರು ಅರಳಿಕಟ್ಟೆಯ ಹತ್ತಿರ ಕೂಸು ಎತ್ತಿಕೊಂಡು ನಿಂತಿರುತ್ತಾರೆ.

ಹೇಳಲು ನಾಚುವ ನೋವು

ಈ ಮಾತನ್ನು ನಾವು ಬಾಗಿಲು ಹಾಕಿಕೊಂಡು ಮಾತಾಡಿದೆವು. ಒಬ್ಬ ದೊಡ್ಡವ್ವ ಮೆಲ್ಲಗೆ ಹೇಳಿದರು. "ಕೆಳಗೆ ಏನೋ ಜಾರಿದಂಗೆ ಆಯ್ತದೆ. ಕೆಮ್ಮಿದ್ರೆ ಉಚ್ಚೆ ತಡೆಯಕ್ಕಾಗಲ್ಲ." ಅವರು ಹೇಳಿದ ಮೇಲೆ ಇನ್ನಿಬ್ಬರು ಹೇಳಿದರು.

ಇದಕ್ಕೆ ಗರ್ಭಕೋಶ ಜಾರುವುದು ಎನ್ನುತ್ತಾರೆ. ಹೆರಿಗೆಯಲ್ಲಿ ಗರ್ಭಕೋಶವನ್ನು ಹಿಡಿದಿರುವ ಮಾಂಸಖಂಡಗಳು ಸಡಿಲವಾಗುತ್ತವೆ. ಅವು ಗಟ್ಟಿಯಾಗುವ ಮೊದಲೇ ಭಾರ ಎತ್ತಿದರೆ, ವರ್ಷಗಟ್ಟಲೆ ಭಾರ ಎತ್ತುತ್ತಲೇ ಇದ್ದರೆ, ಜಾರುವ ಸಂಭವ ಹೆಚ್ಚು. ಇದು ಯಾರ ಪಾಪದ ಫಲವೂ ಅಲ್ಲ. ನಾಚಿಕೆಯ ಮಾತೂ ಅಲ್ಲ. ಇದಕ್ಕೆ ಚಿಕಿತ್ಸೆ ಇದೆ.

ಹೆರಿಗೆಯಾದ ಮೇಲೆ ಕಡೇಪಕ್ಷ 6 ವಾರ ಕೂಸಿಗಿಂತ ಹೆಚ್ಚಿನ ಭಾರ ಎತ್ತಬೇಡಿ. ಬಸುರಿಯರೂ ಕೊಡ, ಮೂಟೆ ಎತ್ತಬಾರದು. ಬಾಣಂತಿಯ ಕೈಗೆ ಕೊಡ ಕೊಡಬೇಡಿ ಅಂತ ಮನೆಯವರಿಗೆ ಹೇಳಿ. ಅತ್ತೆಯರೇ, ಈ ಮಾತು ನಿಮಗೂ ಹೌದು.

ನರ್ಸಮ್ಮ ಒಂದು ಸುಲಭದ ವ್ಯಾಯಾಮ ಹೇಳಿಕೊಟ್ಟರು. ಉಚ್ಚೆ ತಡೆಯುವಾಗ ಹೇಗೆ ಬಿಗಿಹಿಡಿಯುತ್ತೇವೋ ಹಾಗೆ ಒಳಗೆ ಬಿಗಿಹಿಡಿಯಿರಿ. ಐದು ಎಣಿಸಿ. ಬಿಡಿ. ಹೀಗೆ 10 ಸಲ. ದಿನಕ್ಕೆ ಮೂರು ಹೊತ್ತು. ರೊಟ್ಟಿ ತಟ್ಟುವಾಗಲೂ ಮಾಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಉಚ್ಚೆ ಹೊಯ್ಯುವಾಗ ಮಾತ್ರ ಇದನ್ನು ಅಭ್ಯಾಸ ಮಾಡಬೇಡಿ.

ಯಾವಾಗ ಆಸ್ಪತ್ರೆಗೆ ಹೋಗಬೇಕು?

ಆಯಮ್ಮನನ್ನು ನಾವು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಇದು ಉಳುಕು, ವಾಸಿಯಾಗುತ್ತದೆ ಎಂದರು. ಬಿಸಿನೀರಿನ ಶಾಖ ಕೊಡಿ. ಕೆಲವು ದಿನ ಭಾರ ಎತ್ತಬೇಡಿ. ಆದರೆ ವಾರಗಟ್ಟಲೆ ಮಲಗಿಬಿಡಬೇಡಿ. ಆಗುವಷ್ಟು ಓಡಾಡಿ ಎಂದರು. ಬೆನ್ನು ತುಳಿಸುವುದು, ಒದೆಸುವುದು ಖಂಡಿತ ಬೇಡ ಎಂದರು.

ಹೀಗೇನಾದರೂ ಆದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ ಎಂದೂ ಹೇಳಿದರು.

• ನೋವು ಕಾಲಿಗೆ ಇಳಿದು, ಕಾಲು ಜೋಮು ಹಿಡಿದರೆ, ಬಲ ಕಡಿಮೆಯಾದರೆ.
• ಉಚ್ಚೆ ಬಾರದಿದ್ದರೆ, ಉಚ್ಚೆ ಅಥವಾ ಮಲ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಸ್ಪರ್ಶ ಗೊತ್ತಾಗದಿದ್ದರೆ. ಆಗ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.
• ನೋವಿನ ಜೊತೆ ಜ್ವರ ಬಂದರೆ, ತೂಕ ಇಳಿದರೆ.
• ಬಿದ್ದ ಮೇಲೆ ನೋವು ಶುರುವಾದರೆ.
• ಕೆಲವು ವಾರ ಕಳೆದರೂ ನೋವು ಇಳಿಯದಿದ್ದರೆ.

ನಾವು ಮಾಡಿದ ಬದಲಾವಣೆ

ಆಯಮ್ಮ ಮತ್ತೆ ಕೆಲಸಕ್ಕೆ ಬರುವ ಮೊದಲು ನಾವು ಅಂಗನವಾಡಿಯಲ್ಲಿ ಸೇರಿದೆವು. ಹೆಚ್ಚು ದುಡ್ಡು ಬೇಕಾಗಲಿಲ್ಲ.

ಎತ್ತರದ ಮೆಟ್ಟಿಲ ಮುಂದೆ ಒಂದು ಚಪ್ಪಡಿ ಕಲ್ಲು ಹಾಕಿದೆವು. ಒಂದು ಮೆಟ್ಟಿಲು ಎರಡಾಯಿತು. ಮಕ್ಕಳು ಕೈ ಹಿಡಿದು ತಾವೇ ಹತ್ತುತ್ತಾರೆ.

ನಲ್ಲಿ ಇರುವ ಡ್ರಮ್ಮನ್ನು ಕಲ್ಲಿನ ಮೇಲಿಟ್ಟೆವು. ಮಕ್ಕಳು ತಾವೇ ಕೈ ತೊಳೆಯುತ್ತಾರೆ. ನೀರು ತುಂಬಿಸುವಾಗ ಒಂದೇ ದೊಡ್ಡ ಕೊಡ ಬೇಡ. ಎರಡು ಸಣ್ಣ ಬಕೆಟ್, ಎರಡು ಕೈಗೆ ಒಂದೊಂದು.

ಪೊರಕೆಗೆ ಉದ್ದನೆಯ ಬಿದಿರಿನ ಕೋಲು ಕಟ್ಟಿದೆವು. ನಿಂತೇ ಗುಡಿಸಬಹುದು.

ಅಕ್ಕಿ ಮೂಟೆ ಬಂದ ದಿನವೇ ಅಕ್ಕಿಯನ್ನು ಸಣ್ಣ ಡಬ್ಬಗಳಿಗೆ ಹಾಕುತ್ತೇವೆ. ಡಬ್ಬಗಳು ಸೊಂಟದ ಎತ್ತರದ ಕಟ್ಟೆಯ ಮೇಲೆ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ. ಅದನ್ನು ಒಬ್ಬರೇ ಎತ್ತುವುದಿಲ್ಲ. ಇಬ್ಬರು ಹಿಡಿಯುತ್ತೇವೆ.

ಮಕ್ಕಳ ತೂಕ ನೋಡುವ ತಕ್ಕಡಿ ಎತ್ತರದಲ್ಲಿ ತೂಗುತ್ತಿತ್ತು. ಅದನ್ನು ಕಣ್ಣಿನ ಮಟ್ಟಕ್ಕೆ ಇಳಿಸಿದೆವು. ಮಗುವನ್ನು ತಕ್ಕಡಿಗೆ ಹಾಕುವುದು ಆಯಾ ಮಗುವಿನ ತಾಯಿಯ ಕೆಲಸ.

ಎಲ್ಲಕ್ಕಿಂತ ಮುಖ್ಯವಾದದ್ದು ಪಾಳಿ. ಮಕ್ಕಳನ್ನು ಮನೆಯವರೇ ಕರೆತಂದು ಬಿಡಬೇಕು. ಊಟದ ಹೊತ್ತಿಗೆ ದಿನಕ್ಕೆ ಒಬ್ಬ ತಾಯಿ ಬಂದು ಒಂದು ಗಂಟೆ ಕೈಗೂಡಿಸಬೇಕು. ಪಾಳಿಯ ಪಟ್ಟಿಯನ್ನು ನಾವೇ ಬರೆದೆವು. ನಮ್ಮ ಹೆಸರನ್ನು ನಾವೇ ಓದಿಕೊಳ್ಳುತ್ತೇವೆ.

ಮೂರು ತಿಂಗಳಾದ ಮೇಲೆ ಆಯಮ್ಮನೇ ಹಲಗೆಯ ಮೇಲೆ ಲೆಕ್ಕ ಹಾಕಿದರು. ಈಗ ದಿನಕ್ಕೆ 50 ಸಲ ಅಲ್ಲ, 15 ಸಲ. 15 ಸಲ, 12 ಕಿಲೋ. 180 ಕಿಲೋ. ಮೊದಲು 600 ಇತ್ತು. 420 ಕಿಲೋ ಇಳಿಯಿತು.

ನೋವು ಪೂರ್ತಿ ಹೋಗಿಲ್ಲ. ಮೋಡ ಕವಿದ ದಿನ ಇನ್ನೂ ಹಿಡಿಯುತ್ತದಂತೆ. ಆದರೆ ಈಗ ಬಾಯಿ ಬಿಟ್ಟು ಹೇಳುತ್ತಾರೆ. "ಇವತ್ತು ಸೊಂಟ ಸರಿಯಿಲ್ಲ, ಆ ಮಗೀನ ನೀನೇ ಎತ್ಕಳವ್ವ" ಅನ್ನುತ್ತಾರೆ. ನಾವು ಎತ್ತಿಕೊಳ್ಳುತ್ತೇವೆ.

ಇದೂ ದುಡಿಮೆಯೇ

ನಮ್ಮ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಶುರುವಾದದ್ದು ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. ಅಲ್ಲಿಂದ ಊರೂರಿಗೂ ಹಬ್ಬಿತು. ಮಕ್ಕಳು ಎಷ್ಟು ತೂಗುತ್ತಾರೆ ಅಂತ ಪುಸ್ತಕದಲ್ಲಿ ಬರೆದರು. ಅವರನ್ನು ಎತ್ತುವವರ ಸೊಂಟದ ಲೆಕ್ಕ ಯಾವ ಪುಸ್ತಕದಲ್ಲೂ ನಮಗೆ ಸಿಗಲಿಲ್ಲ.

ಅಂಗನವಾಡಿ ಕಾರ್ಯಕರ್ತೆಗೆ, ಸಹಾಯಕಿಗೆ ಕೊಡುವ ಹಣಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಆದರೆ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಇವರಿಗೂ ಗ್ರಾಚ್ಯುಟಿ ಪಡೆಯುವ ಹಕ್ಕಿದೆ ಎಂದಿತು. ಟೀಚರಮ್ಮ ಈ ಸುದ್ದಿಯನ್ನು ನಮ್ಮ ಗುಂಪಿನಲ್ಲಿ ಓದಿದಾಗ ಆಯಮ್ಮ ಎರಡು ಸಲ ಓದಿಸಿದರು. ಮೂರನೆಯ ಸಲ ತಾವೇ ಓದಿದರು.

ಮಕ್ಕಳನ್ನು ಸಾಕುವುದು ಪ್ರೀತಿಯ ಕೆಲಸ, ನಿಜ. ಆದರೆ ಪ್ರೀತಿ ಇದೆ ಅಂತ ಭಾರ ಕಡಿಮೆಯಾಗುವುದಿಲ್ಲ. ಅಕ್ಕ ತಂಗಿಯರೇ, ನಿಮ್ಮ ಭಾರದ ಲೆಕ್ಕವನ್ನು ನೀವೇ ಬರೆಯಿರಿ. ಮನೆಯವರಿಗೆ ಓದಿ ಹೇಳಿ.

ನೆನಪಿಡಿ

• ಕೂಸನ್ನು ಮೈಗೆ ಒತ್ತಿಕೊಂಡು ಎತ್ತಿ.
• ಬೆನ್ನು ಬಗ್ಗಿಸಬೇಡಿ, ಮಂಡಿ ಬಗ್ಗಿಸಿ.
• ಭಾರ ಹಿಡಿದು ಸೊಂಟ ತಿರುಚಬೇಡಿ.
• ಹತ್ತಬಲ್ಲ ಮಗು ತಾನೇ ಹತ್ತಲಿ.
• ನೋವು ಬಚ್ಚಿಡಬೇಡಿ.

ಲೆಕ್ಕ ಮಾಡಿ

ನಿಮ್ಮ ಮನೆಯ ಕೂಸು ಎಷ್ಟು ಕಿಲೋ? ದಿನಕ್ಕೆ ಎಷ್ಟು ಸಲ ಎತ್ತುತ್ತೀರಿ? ಗುಣಿಸಿ ಬರೆಯಿರಿ. ಎಷ್ಟು ಮೂಟೆ ಆಯಿತು?

ಮಾತಾಡಿ

1. ಆಯಮ್ಮ ಎರಡು ವರ್ಷ ನೋವನ್ನು ಯಾಕೆ ಹೇಳಲಿಲ್ಲ? ನಿಮ್ಮ ಊರಿನಲ್ಲಿ ಹೀಗೆ ಬಾಯಿ ಮುಚ್ಚಿಕೊಂಡವರು ಇದ್ದಾರೆಯೇ?
2. ನಿಮ್ಮ ಮನೆಯಲ್ಲಿ ಕೂಸನ್ನು ಯಾರು ಯಾರು ಎತ್ತಿಕೊಳ್ಳುತ್ತಾರೆ? ಇನ್ನು ಯಾರು ಎತ್ತಿಕೊಳ್ಳಬಹುದು?
3. ನಿಮ್ಮ ಅಂಗನವಾಡಿಯ ಮೆಟ್ಟಿಲು ಎಷ್ಟು ಎತ್ತರ ಇದೆ? ನಾಳೆ ಹೋಗಿ ನೋಡಿ ಬನ್ನಿ.

ಪದಗಳ ಅರ್ಥ

ಮಾಂಸಖಂಡ: ಮೂಳೆಯನ್ನು ಹಿಡಿದು ಅಲುಗಾಡಿಸುವ ಮಾಂಸದ ಭಾಗ.
ಗೌರವಧನ: ಸೇವೆಗೆ ಗೌರವವಾಗಿ ಕೊಡುವ ಹಣ.
ಗ್ರಾಚ್ಯುಟಿ: ಬಹಳ ವರ್ಷ ದುಡಿದು ಕೆಲಸ ಬಿಡುವಾಗ ಸಿಗುವ ಇಡಿಗಂಟು ಹಣ.
ಪಾಳಿ: ಸರದಿಯಂತೆ ಒಬ್ಬರಾದ ಮೇಲೆ ಒಬ್ಬರು ಮಾಡುವ ಕೆಲಸ.